ಶನಿವಾರದೊಳಗೆ ಒಂದು ಲಂಗ: ಬ್ಲ್ಯಾಕ್ ರಿವರ್ ಫಾಲ್ಸ್‌ನಲ್ಲಿ ನಾಲ್ಕು ದಿನ

ಗುರುವಾರ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್

ಅಮೆರಿಕಕ್ಕೆ ಬಂದ ಮೇಲೆ ನನ್ನ ಕೈಯಾರೆ ದುಡ್ಡು ಕೊಟ್ಟು ಕೊಂಡ ಮೊದಲ ವಸ್ತು ತಂಬಾಕು. ಅಂಗಡಿಯ ಹುಡುಗ ನನ್ನ ಚೂಡಿದಾರ ನೋಡಿದ, ಬಿಳಿ ಕೂದಲು ನೋಡಿದ. ಯಾವ ಬ್ರ್ಯಾಂಡು ಅಂತ ಕೇಳಿದ. ನನಗೇನು ಗೊತ್ತು! ಪಕ್ಕದಲ್ಲಿ ಮಗಳು ನಗು ತಡೆಯಲಾರದೆ ಕೆಮ್ಮುತ್ತಿದ್ದಳು.

ಆಗಿದ್ದಿಷ್ಟು. ಮಗಳ ಜೊತೆ ಓದುವ ಹುಡುಗಿಯೊಬ್ಬಳು ಹೋ-ಚಂಕ್ ಜನಾಂಗದವಳು, ಅಂದರೆ ಅಮೆರಿಕದ ಮೂಲನಿವಾಸಿ. ಅವಳ ಅಜ್ಜಿ ಬಟ್ಟೆ ಹೊಲಿಯುತ್ತಾರೆ, ಮಣಿ ಕೆಲಸ ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಬ್ಲೌಸು ಹೊಲಿದವಳು ನಾನು. ಆ ಅಜ್ಜಿಯನ್ನು ನೋಡಬೇಕು ಅಂತ ಹಟ ಹಿಡಿದೆ. ಹುಡುಗಿ ಒಪ್ಪಿದಳು. "ಬರಿಗೈಲಿ ಹೋಗಬೇಡಿ ಆಂಟಿ, ತಂಬಾಕು ತಗೊಂಡು ಹೋಗಿ" ಅಂದಳು. ಹಿರಿಯರ ಹತ್ತಿರ ಏನಾದರೂ ಕೇಳಬೇಕಾದರೆ ಮೊದಲು ತಂಬಾಕು ಕೊಡಬೇಕಂತೆ. ನಾವು ಎಲೆ ಅಡಿಕೆ ಇಟ್ಟು ಕೇಳೋದಿಲ್ವಾ, ಹಾಗೇ.

ಸಂಜೆ ಯೂನಿವರ್ಸಿಟಿಯ ಬ್ಯಾಸ್ಕಮ್ ದಿಬ್ಬ ಹತ್ತಿದೆವು. 2019ರಲ್ಲಿ ಅಲ್ಲೊಂದು ಫಲಕ ಹಾಕಿದ್ದಾರೆ. ಇದು ಹೋ-ಚಂಕರ ಜಾಗ, ಅವರ ಬಾಯಲ್ಲಿ ಇದರ ಹೆಸರು ಡೇಜೋಪ್, ಅಂದರೆ ನಾಲ್ಕು ಕೆರೆ. 1832ರ ಒಪ್ಪಂದದಲ್ಲಿ ಈ ನೆಲವನ್ನು ಬಲವಂತವಾಗಿ ಬಿಡಿಸಿಕೊಂಡರು ಎಂದು ಅದರಲ್ಲಿ ಬರೆದಿದೆ. ಅದೇ ಹೆಸರನ್ನು ಒಂದು ಹಾಸ್ಟೆಲ್ಲಿಗೂ ಇಟ್ಟಿದ್ದಾರೆ. ಮಗಳು ವರ್ಷಗಟ್ಟಲೆ ಆ ಹಾಸ್ಟೆಲ್ಲಿನಲ್ಲಿ ಊಟ ಮಾಡಿದ್ದಾಳೆ. ಅರ್ಥ ಅವಳಿಗೂ ಇವತ್ತೇ ಗೊತ್ತಾಗಿದ್ದು.

ಶುಕ್ರವಾರ, ದಾರಿ ಮತ್ತು ಮನೆ

ಬೆಳಿಗ್ಗೆ ಎಂಟಕ್ಕೆ ಹೊರಟೆವು. ನೇರ ಹೋದರೆ ಎರಡು ತಾಸಿನ ದಾರಿ. ನಾವು ಬರಾಬೂ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದೆವು. ಅಲ್ಲಿ ಮನುಷ್ಯನ ಆಕಾರದಲ್ಲಿ ಮಾಡಿದ ಮಣ್ಣಿನ ದಿಬ್ಬ ಇದೆ. ತಲೆಯ ಮೇಲೆ ಎರಡು ಕೊಂಬು, ಹೆಜ್ಜೆ ಹಾಕುತ್ತಿರುವಂತೆ ಕಾಲು. ಮಾಡಿ ಸಾವಿರ ವರ್ಷದ ಮೇಲಾಯಿತು, ಉದ್ದ 200 ಅಡಿಗೂ ಜಾಸ್ತಿ. ಇಂಥ ದಿಬ್ಬಗಳನ್ನು ಕಟ್ಟಿದವರು ತಮ್ಮ ಹಿರಿಯರು ಎಂದು ಹೋ-ಚಂಕರು ಹೇಳುತ್ತಾರೆ. ನೂರು ಚಿಲ್ಲರೆ ವರ್ಷದ ಹಿಂದೆ ರಸ್ತೆ ಮಾಡುವಾಗ ಮೊಣಕಾಲಿನ ಕೆಳಗಿನ ಭಾಗವನ್ನು ಅಗೆದುಬಿಟ್ಟರು. ನಾವು ಕಾರು ನಿಲ್ಲಿಸಿದ್ದು ಆ ಕಾಲುಗಳ ಜಾಗದಲ್ಲೇ. ಗೊತ್ತಾದ ಕೂಡಲೇ ಮಗಳು ಕಾರನ್ನು ಮುಂದಕ್ಕೆ ಒಯ್ದು ನಿಲ್ಲಿಸಿದಳು.

ಟೋಮಾ ಊರಿನಲ್ಲಿ ಕಾಫಿ ಕುಡಿದು ಹಾಗೇ ಮುಂದೆ ಹೋದೆವು. ಅದೇನು ಊರು ಅಂತ ಮಧ್ಯಾಹ್ನದ ಮೇಲೆ ತಿಳಿಯಿತು, ಬರುತ್ತೇನೆ ಅಲ್ಲಿಗೆ.

ಬ್ಲ್ಯಾಕ್ ರಿವರ್ ಫಾಲ್ಸ್ ಚಿಕ್ಕ ಊರು. ಹೋ-ಚಂಕ್ ನೇಷನ್, ಅಂದರೆ ಈ ಜನರ ಸ್ವಂತ ಆಡಳಿತ, ಅದರ ಮುಖ್ಯ ಕಚೇರಿ ಇರುವುದು ಇಲ್ಲೇ. ನೇಷನ್ ಅಂದಕೂಡಲೇ ನಾನು ದೊಡ್ಡ ಗೇಟು, ಬೋರ್ಡು, ಗಡಿ ಎಲ್ಲಾ ಕಲ್ಪಿಸಿಕೊಂಡಿದ್ದೆ. ಹಾಗೇನೂ ಇಲ್ಲ. ವಿಸ್ಕಾನ್ಸಿನ್ನಿನಲ್ಲಿ ಇವರಿಗೆ ಒಂದೇ ಕಡೆ ದೊಡ್ಡ ಮೀಸಲು ಪ್ರದೇಶ ಇಲ್ಲ. ಇಲ್ಲೊಂದು ತುಂಡು, ಅಲ್ಲೊಂದು ತುಂಡು, ಹಲವು ಕೌಂಟಿಗಳಲ್ಲಿ ಹರಡಿಕೊಂಡಿದೆ ನೆಲ. ಮೊದಲು ಇವರನ್ನು ಸರ್ಕಾರಿ ಕಾಗದಗಳಲ್ಲಿ ವಿನ್ನೆಬಾಗೊ ಅನ್ನುತ್ತಿದ್ದರು. ಅದು ನೆರೆಯವರು ಇಟ್ಟ ಹೆಸರು, "ನಾರುವ ನೀರಿನವರು" ಎಂಬಂಥ ಅರ್ಥದ್ದು. 1994ರಲ್ಲಿ ತಮ್ಮ ಸಂವಿಧಾನ ತಿದ್ದಿಕೊಂಡು ಹೋ-ಚಂಕ್ ಅಂತ ತಮ್ಮದೇ ಹೆಸರು ಹಾಕಿಕೊಂಡರು. "ದೊಡ್ಡ ದನಿಯ ಜನ" ಎಂದು ಅರ್ಥ ಹೇಳುತ್ತಾರೆ.

ಅಜ್ಜಿಯ ಮನೆ ಪೈನ್ ಮರಗಳ ನಡುವೆ. ಎಪ್ಪತ್ತಾರು ವರ್ಷ. ಮೊಮ್ಮಕ್ಕಳೆಲ್ಲ ಗಾಗಾ ಅನ್ನುತ್ತಾರೆ, ಅಂದರೆ ಅಜ್ಜಿ. ನಾನೂ ಹಾಗೇ ಕರೆಯುತ್ತೇನೆ. ಹೆಸರು ಎಲ್ಲೂ ಹಾಕಬೇಡ ಅಂದಿದ್ದಾರೆ.

ತಂಬಾಕಿನ ಪೊಟ್ಟಣ ಎರಡೂ ಕೈಯಲ್ಲಿ ಕೊಟ್ಟೆ. ತಗೊಂಡು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಪೀನಗೀಗಿ" ಅಂದರು. ಅದು ಅವರ ಭಾಷೆಯಲ್ಲಿ ಥ್ಯಾಂಕ್ಸ್. ಮರುಕ್ಷಣವೇ, "ಮಾತು ಆಮೇಲೆ. ನಾಳೆ ಒಂದು ಗಂಟೆಗೆ ಕುಣಿತ ಶುರು. ಲಂಗ ಇನ್ನೂ ಮುಗಿದಿಲ್ಲ" ಅಂದರು. ನನಗೆ ತವರುಮನೆಗೆ ಬಂದ ಹಾಗಾಯಿತು. ದೀಪಾವಳಿಯ ಹಿಂದಿನ ದಿನ ನಮ್ಮ ಮನೆಯಲ್ಲೂ ಇದೇ ಮಾತು.

ಲಂಗ ಎರಡನೇ ಮೊಮ್ಮಗಳದು. ಅವಳನ್ನು ವೀಹಾ ಅನ್ನುತ್ತಾರೆ. ಹೋ-ಚಂಕರಲ್ಲಿ ಹುಟ್ಟಿದ ಕ್ರಮಕ್ಕೊಂದು ಹೆಸರು ಇದೆ. ಮೊದಲ ಮಗಳು ಹೀನು, ಎರಡನೆಯವಳು ವೀಹಾ. ಮೊದಲ ಮಗ ಕೂನು. ತಾಯಿಯ ತಂಗಿಯನ್ನು ಕರೆಯುವ ಮಾತಿಗೆ ಅರ್ಥ "ಚಿಕ್ಕ ತಾಯಿ". ನಮ್ಮಲ್ಲೂ ಚಿಕ್ಕಮ್ಮ ಅಂತೀವಿ ಅಂದೆ. ಗಾಗಾ ತಲೆ ಎತ್ತದೆ, "ಮತ್ತೆ ಇನ್ನೇನಂತ ಕರೀತಾರೆ?" ಅಂದರು.

ಲಂಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೊಲಿಗೆ ಬೇಡವಾದವರು ಮುಂದೆ ಹಾರಿಕೊಳ್ಳಿ. ಬಟ್ಟೆ ಕಪ್ಪು ಉಣ್ಣೆಯದು, ದಪ್ಪ. ಇಂಗ್ಲೆಂಡಿನ ಸ್ಟ್ರೌಡ್ ಕಡೆಯಿಂದ ತುಪ್ಪಳದ ವ್ಯಾಪಾರಿಗಳು ತರುತ್ತಿದ್ದ ಬಟ್ಟೆಯ ಜಾತಿ. ಅದರ ಅಂಚಿಗೆ ಬಣ್ಣ ಹತ್ತಿರುವುದಿಲ್ಲ, ಬಿಳಿಯಾಗಿ ಉಳಿದಿರುತ್ತದೆ. ನಾವಾದರೆ ಅದನ್ನು ಮಡಚಿ ಒಳಗೆ ಹಾಕುತ್ತಿದ್ದೆವು. ಇವರು ಬೇಕೆಂದೇ ಹೊರಗೆ ಕಾಣುವಂತೆ ಇಡುತ್ತಾರೆ. ಇಳಕಲ್ ಸೀರೆ ಉಟ್ಟವರಿಗೆ ಅಂಚಿನ ಬೆಲೆ ಹೇಳಿಕೊಡಬೇಕಾಗಿಲ್ಲ.

ಅಂಚಿನ ಮೇಲ್ಗಡೆ ರಿಬ್ಬನ್ ಕೆಲಸ. ಒಂದು ಬಣ್ಣದ ರಿಬ್ಬನ್ನಿನ ಮೇಲೆ ಇನ್ನೊಂದು ಬಣ್ಣದ್ದು ಇಟ್ಟು, ಮೇಲಿನದನ್ನು ಎಲೆ, ಬಳ್ಳಿಯ ಹಾಗೆ ಕತ್ತರಿಸಿ, ತುದಿಯನ್ನು ಒಳಗೆ ಮಡಚಿ ಹೊಲಿಯುತ್ತಾರೆ. ಕೆಳಗಿನ ಬಣ್ಣ ಆ ಸಂದಿಯಲ್ಲಿ ಕಾಣುತ್ತದೆ. ಪಕ್ಕದ ಪಟ್ಟಿಯಲ್ಲಿ ಅದೇ ಚಿತ್ತಾರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರುತ್ತದೆ. ಅಲ್ಲಿ ಕೆಂಪು ಇದ್ದ ಕಡೆ ಇಲ್ಲಿ ಹಳದಿ. ನೋಡುತ್ತಾ ಇದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಅಂತಲೇ ಗೊತ್ತಾಗುವುದಿಲ್ಲ. ರೇಷ್ಮೆ ರಿಬ್ಬನ್ ಬಂದದ್ದು ಯೂರೋಪಿನಿಂದ, ಕತ್ತರಿ ಸೂಜಿ ಬಂದದ್ದೂ ಅಲ್ಲಿಂದಲೇ. ಆದರೆ ಹೀಗೆ ಕತ್ತರಿಸಬಹುದು ಅಂತ ಯೋಚಿಸಿದ್ದು ಇಲ್ಲಿಯ ಹೆಂಗಸರು.

ಈಗ ಗಾಗಾ ಅರ್ಧ ಕೈಯಲ್ಲಿ, ಅರ್ಧ ಮಿಷನ್ನಿನಲ್ಲಿ ಹೊಲಿಯುತ್ತಾರೆ. ಇಸ್ತ್ರಿ ಮಾಡಿದರೆ ಅಂಟಿಕೊಳ್ಳುವ ಜಾಳಿಗೆಯನ್ನೂ ಬಳಸುತ್ತಾರೆ. ಮುಚ್ಚುಮರೆ ಇಲ್ಲ. "ನನ್ನ ಅಜ್ಜಿಗೆ ಈ ಅಂಟು ಸಿಕ್ಕಿದ್ದರೆ ಕುಣಿದಾಡುತ್ತಿದ್ದಳು" ಅಂದರು.

ನಾನೂ ಕೈ ಹಾಕಲಾ ಅಂತ ಕೇಳಿದೆ. ಒಂದು ಚಿಂದಿ ಬಟ್ಟೆ ಕೊಟ್ಟು ಹೆಮ್ಮಿಂಗ್ ಮಾಡು ಅಂದರು. ನಾಲ್ಕು ಇಂಚು ಮಾಡಿ ಕೊಟ್ಟೆ. ಮುಂದಿನ ಕಡೆ ನೋಡಲೇ ಇಲ್ಲ! ಸೀದಾ ತಿರುಗಿಸಿ ಹಿಂಭಾಗ ನೋಡಿದರು. ಕಸೂತಿ ಹಾಕುತ್ತಿದ್ದ ನನ್ನಜ್ಜಿ ಥೇಟ್ ಹೀಗೇ. ಹಿಂದೆ ಗಂಟು ಕಂಡರೆ ಬಟ್ಟೆ ಎಸೆಯುತ್ತಿದ್ದಳು. ಗಾಗಾ ಎಸೆಯಲಿಲ್ಲ. ಲಂಗದ ಒಳಗಿನ ಪಟ್ಟಿ ನನಗೆ ಸಿಕ್ಕಿತು. ಹುಡುಗಿ ಒಂದು ವರ್ಷದಲ್ಲಿ ಎರಡು ಇಂಚು ಬೆಳೆದಿದ್ದಳು, ಕೆಳಗೆ ಬಿಡಬೇಕಿತ್ತು.

ಹೊಲಿಯುತ್ತಾ ಟೋಮಾ ಮಾತು ಬಂತು. 1893ರಿಂದ 1935ರವರೆಗೆ ಅಲ್ಲಿ ಇಂಡಿಯನ್ (ಇಲ್ಲಿಯ ಮೂಲನಿವಾಸಿಗಳನ್ನು ಹಾಗೆ ಕರೆಯುತ್ತಾರೆ) ಮಕ್ಕಳ ಸರ್ಕಾರಿ ವಸತಿ ಶಾಲೆ ಇತ್ತು. ಗಾಗಾರ ತಾಯಿ ಅಲ್ಲಿ ಇದ್ದವರು. ಮನೆಯ ಭಾಷೆ ಆಡುವ ಹಾಗಿರಲಿಲ್ಲ. ಅರ್ಧ ದಿನ ಪಾಠ, ಅರ್ಧ ದಿನ ಕೆಲಸ. ಹುಡುಗಿಯರಿಗೆ ಒಗೆಯುವುದು, ಇಸ್ತ್ರಿ, ಹೊಲಿಗೆ. ಏಪ್ರನ್ನು, ಹಾಸಿಗೆ ಬಟ್ಟೆ, ಸಮವಸ್ತ್ರ.

"ಅಮ್ಮ ಮಿಷನ್ ತುಳಿಯೋದು ಕಲಿತದ್ದು ಅಲ್ಲೇ" ಅಂದರು ಗಾಗಾ. ಬಾಬಿನ್ ಬದಲಾಯಿಸಿ ದಾರ ಎಳೆದರು. "ಮನೆಗೆ ಬಂದು ಅದೇ ಹೊಲಿಗೆಯಲ್ಲಿ ನನಗೆ ಇಂಥದೊಂದು ಲಂಗ ಹೊಲಿದುಕೊಟ್ಟಳು."

ನಾನು ಏನೂ ಹೇಳಲಿಲ್ಲ. ಬೆಳಿಗ್ಗೆ ಆ ಊರಿನಲ್ಲಿ ಕಾಫಿ ಸರಿ ಇಲ್ಲ ಅಂತ ಗೊಣಗಿದ್ದು ನೆನಪಾಯಿತು.

ರಾತ್ರಿ ಇಳಿದುಕೊಂಡ ಲಾಡ್ಜಿನಲ್ಲಿ ನಮ್ಮ ಬುಕಿಂಗೇ ಇರಲಿಲ್ಲ. ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ರಜೆ, ಊರೆಲ್ಲಾ ಭರ್ತಿ. ಹನ್ನೊಂದು ಗಂಟೆಗೆ ಸಿಗರೇಟು ನಾರುವ ಒಂದು ರೂಮು ಸಿಕ್ಕಿತು. ನನ್ನ ಬ್ಯಾಗಿನಲ್ಲೂ ಬೆಳಿಗ್ಗೆಯಿಂದ ತಂಬಾಕಿನ ವಾಸನೆ, ಹೆಚ್ಚು ದೂರುವ ಹಾಗಿರಲಿಲ್ಲ.

ಶನಿವಾರ, ಬಾವುಟಗಳು

ಊರಿನ ಪೂರ್ವಕ್ಕೆ, 54ನೇ ಹೆದ್ದಾರಿಯಲ್ಲಿ ಆಂಡ್ರ್ಯೂ ಬ್ಲ್ಯಾಕ್‌ಹಾಕ್ ಹೆಸರಿನ ಪೌವೌ ಮೈದಾನ ಇದೆ. ಪೌವೌ ಅಂದರೆ ಕುಣಿತ, ಡೋಲು, ಹಾಡು, ಬಂಧುಬಳಗದ ದೊಡ್ಡ ಕೂಟ. ಮೆಮೋರಿಯಲ್ ಡೇಗೆ ಒಮ್ಮೆ, ಸೆಪ್ಟೆಂಬರಿನ ಲೇಬರ್ ಡೇಗೆ ಒಮ್ಮೆ ಇಲ್ಲಿ ಸೇರುತ್ತಾರೆ.

ಬೆಳಗಿನ ಜಾವ ಬನ್ನಿ ಅಂದಿದ್ದರು, ಹೋದೆವು. ಮೈದಾನದ ಸುತ್ತ ಕಂಬಗಳ ಸಾಲು. ಸೈನ್ಯದಲ್ಲಿದ್ದು ತೀರಿಹೋದವರ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಾವುಟಗಳನ್ನು ಮನೆಯವರು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಈ ದಿನಗಳಲ್ಲಿ ತಂದು, ಒಬ್ಬೊಬ್ಬರದೂ ಒಂದೊಂದು ಕಂಬಕ್ಕೆ ಏರಿಸುತ್ತಾರೆ. ಡೋಲು ಬಿಟ್ಟರೆ ಬೇರೆ ಸದ್ದಿಲ್ಲ. ಹಿಂದೆ ಇವರನ್ನು ಈ ನೆಲದಿಂದ ಓಡಿಸಿದ ಸರ್ಕಾರದ ಬಾವುಟ ಇದು ಅಂತ ನನ್ನ ತಲೆಯಲ್ಲಿ ಓಡುತ್ತಿತ್ತು. ಅವರು ಅದನ್ನು ನೋಡುವುದು ಹಾಗಲ್ಲ. ಈ ಕಡೆಯವರೇ ಆದ ಮಿಚೆಲ್ ರೆಡ್ ಕ್ಲೌಡ್ 1950ರಲ್ಲಿ ಕೊರಿಯಾದಲ್ಲಿ ಸತ್ತವರು. ಗುಂಡೇಟು ತಿಂದ ಮೇಲೂ ಮರಕ್ಕೆ ತಗುಲಿಕೊಂಡು ನಿಂತು ಗುಂಡು ಹಾರಿಸುತ್ತಿದ್ದರಂತೆ. ಅಮೆರಿಕದ ಅತಿ ದೊಡ್ಡ ಸೈನಿಕ ಪದಕ ಅವರಿಗೆ ಬಂತು. ಇಲ್ಲಿ ಯಾರ ಮನೆಗೆ ಹೋದರೂ ಒಬ್ಬ ಸೈನಿಕ ಇದ್ದೇ ಇರುತ್ತಾನೆ. ಫೋನು ಹೊರಗೆ ತೆಗೆಯಬೇಡ ಎಂದು ಮಗಳಿಗೆ ಹೇಳಬೇಕಾಗಲಿಲ್ಲ.

ಆಮೇಲೆ ಗಡಿಬಿಡಿ. ಹನ್ನೆರಡೂವರೆಗೆ ಡೇರೆಯೊಳಗೆ ಗಾಗಾ ಕೊನೆಯ ರಿಬ್ಬನ್ ತುದಿ ಹೊಲಿಯುತ್ತಿದ್ದರು. ವೀಹಾ ಲಂಗ ತೊಟ್ಟುಕೊಂಡೇ ನಿಂತಿದ್ದಳು, ಅಲುಗಾಡಿದರೆ ಬೈಗುಳ. ನಾನು ಹೊಲಿದಿದ್ದ ಪಟ್ಟಿ ಸರಿ ಇತ್ತು ಅಂತ ಹೇಳಲು ಹೆಮ್ಮೆ, ಆದರೆ ಸೊಂಟದ ಹುಕ್ಕು ಕಿತ್ತುಬಂತು. ನನ್ನ ಚೂಡಿದಾರದ ದುಪಟ್ಟಾಕ್ಕೆ ಹಾಕಿದ್ದ ಸೇಫ್ಟಿ ಪಿನ್ನು ತೆಗೆದು ಕೊಟ್ಟೆ. ಅದರ ಮೇಲೆ ಮಣಿಯ ಬೆಲ್ಟು ಬಂತು. ಪಿನ್ನು ಯಾರಿಗೂ ಕಾಣಲಿಲ್ಲ.

ಒಂದು ಗಂಟೆಗೆ ಎಲ್ಲರೂ ಎದ್ದು ನಿಂತರು. ಮೊದಲು ಸೈನಿಕರು, ಹಿಂದೆ ಕುಣಿಯುವವರು. ಹೋ-ಚಂಕ್ ಹೆಂಗಸರ ಕುಣಿತ ಸದ್ದು ಮಾಡುವುದಿಲ್ಲ. ಬೆನ್ನು ನೆಟ್ಟಗೆ, ಪಾದ ನೆಲ ಬಿಟ್ಟೂ ಬಿಡದ ಹಾಗೆ. ರಿಬ್ಬನ್ನಿನ ಪಟ್ಟಿಗಳು ಮಾತ್ರ ಅಲೆಅಲೆಯಾಗಿ ಹೋಗುತ್ತವೆ. ಮೇಜಿನ ಮೇಲೆ ಆ ಲಂಗ ನನಗೆ ಕೌದಿಯಂತೆ ಭಾರವಾಗಿ ಕಂಡಿತ್ತು. ನಡೆಯುವಾಗ ಆ ಭಾರವೇ ಅದಕ್ಕೆ ಚೆಂದ. ಅಳತೆ ಟೇಪು ಹಿಡಿದು ಇದನ್ನು ಯಾರೂ ಹೇಳಲಾರರು. ಪಾದದಲ್ಲಿ ಜಿಂಕೆ ಚರ್ಮದ ಮೊಕಾಸಿನ್. ಹೆಂಗಸರದಕ್ಕೆ ಬೆರಳ ಮೇಲೆ ಬಾಗಿ ಬೀಳುವ ಅಗಲ ಮಡಿಕೆ, ಅದರ ತುಂಬಾ ಮಣಿ.

ಸಂಜೆ ಅಕ್ಕಪಕ್ಕದ ಅಂಗಡಿಗಳು. ಗಾಗಾರ ಹಿರಿಯ ಮೊಮ್ಮಗಳು, ಅಂದರೆ ನನ್ನ ಮಗಳ ಸ್ನೇಹಿತೆ, ಮಣಿಯ ಓಲೆ ಮಾರುತ್ತಿದ್ದಳು. 1990ರ ಕಾನೂನಿನ ಪ್ರಕಾರ ಬೇರೆ ಯಾರೋ ಮಾಡಿದ್ದನ್ನು ಇಂಡಿಯನ್ನರು ಮಾಡಿದ್ದು ಅಂತ ಮಾರುವುದು ಅಪರಾಧ. ಆದರೂ ಪ್ರವಾಸಿಗರ ಊರುಗಳಲ್ಲಿ ಕಾರ್ಖಾನೆ ಮಾಲು ಹೇರಳ. ನಾನು ಎರಡು ಜೊತೆ ಕೊಂಡೆ. ಗೋಡೆಗೆ ತೂಗುಹಾಕಿದ್ದ ಒಂದು ಮಣಿ ಚೀಲದ ಬೆಲೆ ಕೇಳಿದೆ. ಹೆಗಲಿಗೆ ಅಡ್ಡ ಹಾಕಿಕೊಳ್ಳುವ ಅಗಲ ಪಟ್ಟಿ, ಪೂರ್ತಿ ಮಗ್ಗದಲ್ಲಿ ನೇಯ್ದದ್ದು.

ಗಾಗಾ ಬೆಲೆ ಹೇಳಲಿಲ್ಲ. "ಯಾರಿಗೆ?" ಅಂದರು.

ನನಗೇ ಅಂದೆ. "ಹ್ಞೂಂ" ಅಂದು ಬೇರೆ ಮಾತು ತೆಗೆದರು. ಓಲೆ ಮಾರುವುದಕ್ಕೆ, ಚೀಲ ಕೊಡುವುದಕ್ಕೆ. ಅಷ್ಟು ಗೊತ್ತಾಯಿತು.

ಹಸಿವಾಗಿತ್ತು. ಒಣಗಿಸಿದ ಜೋಳದ ಸೂಪಿನಲ್ಲಿ ಮಾಂಸ ಇತ್ತು, ನನಗಾಗದು. ಎಣ್ಣೆಯಲ್ಲಿ ಕರಿದ ರೊಟ್ಟಿ ತಿಂದೆ. ನಮ್ಮ ಮಂಗಳೂರು ಬನ್ಸ್‌ನ ದೂರದ ತಮ್ಮ ಅನ್ನಿ. ಸರ್ಕಾರದ ಪಡಿತರದ ಮೈದಾಹಿಟ್ಟಿನ ಕಾಲದಲ್ಲಿ ಹುಟ್ಟಿದ ತಿಂಡಿ ಅದು. ಎರಡು ತಿಂದೆ.

ಭಾನುವಾರ, ಮಳೆ ಮತ್ತು ಮಣಿ

ರಾತ್ರಿಯಿಂದ ಮಳೆ. ಮಧ್ಯಾಹ್ನದವರೆಗೆ ಕುಣಿತ ಇಲ್ಲ ಅಂತಾಯಿತು. ನನಗೆ ಒಳಗೊಳಗೇ ಖುಷಿ. ಗಾಗಾರ ಅಡುಗೆಮನೆ ಮೇಜಿಗೆ ಹೋಗಿ ಕೂತೆ.

ಮೊದಲು ಮಣಿ ಆರಿಸುವುದು. ಅಕ್ಕಿ ಆರಿಸಿದ ಹಾಗೇ. ದಪ್ಪ ಬಟ್ಟೆಯ ತುಂಡಿನ ಮೇಲೆ ಮಣಿ ಸುರಿದು ಸೂಜಿ ತುದಿಯಿಂದ ಸರಿಸುತ್ತಾರೆ. ಒಂದು ತೆಳ್ಳಗೆ, ಒಂದು ದಪ್ಪ, ಒಂದರ ತೂತು ಓರೆ. ಆಗದ್ದು ಪಕ್ಕಕ್ಕೆ. ಗಾಜಿನ ಮಣಿ ಹಿಂದೆ ವೆನಿಸ್ಸಿನಿಂದ, ಬೊಹೀಮಿಯಾದಿಂದ ಬರುತ್ತಿತ್ತು. ಈಗಲೂ ಜೆಕ್ ದೇಶದ್ದು ದಾರಕ್ಕೆ ಪೋಣಿಸಿದ ಗೊಂಚಲಾಗಿ ಬರುತ್ತದೆ, ಜಪಾನಿನದು ಡಬ್ಬಿಯಲ್ಲಿ. ನಂಬರ್ ಜಾಸ್ತಿಯಾದಷ್ಟೂ ಮಣಿ ಸಣ್ಣದು. ಹನ್ನೊಂದು ನಂಬರಿನದು ಸಾಸಿವೆಯಷ್ಟು. ಹದಿಮೂರು ನಂಬರಿನದನ್ನು ನಾನು ಕನ್ನಡಕ ಹಾಕಿಯೂ ತೂತು ಎಲ್ಲಿದೆ ಅಂತ ಹುಡುಕಿದೆ.

ಬಟ್ಟೆಯ ಮೇಲೆ ಹೂವು ಬಳ್ಳಿ ಬಿಡಿಸುವುದಕ್ಕೆ ಎರಡು ಸೂಜಿ ಬೇಕು. ಒಂದರಲ್ಲಿ ಮಣಿ ಪೋಣಿಸಿ ಗೆರೆಯ ಮೇಲೆ ಮಲಗಿಸುತ್ತಾರೆ. ಇನ್ನೊಂದರಲ್ಲಿ ಎರಡು ಮೂರು ಮಣಿಗೊಂದು ಟಾಕಾ ಹಾಕಿ ಆ ದಾರವನ್ನು ಬಿಗಿಯುತ್ತಾರೆ. ಮಗ್ಗದ ಕೆಲಸ ಬೇರೆ. ಮರದ ಚೌಕಟ್ಟಿಗೆ ನಿಲುವು ದಾರ ಎಳೆದು, ಒಂದು ಸಾಲಿನ ಮಣಿಯನ್ನು ಅಡ್ಡ ದಾರಕ್ಕೆ ಪೋಣಿಸಿ ಕೆಳಗಿನಿಂದ ತಂದು, ಬೆರಳಲ್ಲಿ ಮೇಲಕ್ಕೊತ್ತಿ, ಸೂಜಿಯನ್ನು ದಾರಗಳ ಮೇಲ್ಗಡೆಯಿಂದ ಅದೇ ಮಣಿಗಳೊಳಗೆ ವಾಪಸ್ ತೂರಿಸಬೇಕು. ಹೇಳುವುದಕ್ಕೆ ಒಂದೇ ವಾಕ್ಯ. ನನಗೆ ಮೊದಲ ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಸೂಜಿ ಒಂದು ನಿಲುವು ದಾರದ ಕೆಳಗೆ ಹೋದರೂ ಆ ಮಣಿ ಕಳಚಿ ನೇತಾಡುತ್ತದೆ.

ನನ್ನ ಪಾಡಿಗೆ ನಾನು ಒದ್ದಾಡುತ್ತಿದ್ದೆ. ಗಾಗಾ ಹಳೆಯ ಫೋಟೊಗಳ ಪ್ರತಿ ತಂದು ಇಟ್ಟರು. ಚಾರ್ಲ್ಸ್ ವ್ಯಾನ್ ಷೈಕ್ ಅಂತ ಒಬ್ಬ ಫೋಟೊಗ್ರಾಫರ್ ಇದೇ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದ. ಅವನ ಸ್ಟುಡಿಯೋಗೆ ಹೋ-ಚಂಕ್ ಸಂಸಾರಗಳು ತಾವೇ ಬಂದು ದುಡ್ಡು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದವು. 1879ರಿಂದ 1942ರವರೆಗಿನ ಆ ಚಿತ್ರಗಳು ಈಗ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿವೆ. ಒಬ್ಬ ಹೆಂಗಸಿನ ಲಂಗದ ಅಂಚನ್ನು ಗಾಗಾ ಉಗುರಿನಿಂದ ತೋರಿಸಿದರು. ನಿನ್ನೆ ವೀಹಾ ತೊಟ್ಟಿದ್ದು ಇದೇ ಎಲೆ! ಫೋಟೊ ಕಪ್ಪು ಬಿಳುಪು. ಬಣ್ಣ ಹೇಗೆ ಗೊತ್ತಾಯಿತು ಅಂದೆ. "ಗೊತ್ತಾಗಲಿಲ್ಲ. ನಾಲ್ಕು ಸಲ ಬದಲಾಯಿಸಿದೆ" ಅಂದರು.

ಆ ಫೋಟೊಗಳಲ್ಲಿರುವ ಹಿರಿಯರಲ್ಲಿ ಎಷ್ಟೋ ಜನ ಓಡಿಸಲ್ಪಟ್ಟು ತಿರುಗಿ ಬಂದವರು. 1837ರಲ್ಲಿ ವಾಷಿಂಗ್ಟನ್ನಿಗೆ ಹೋದ ಕೆಲವರ ಕೈಯಲ್ಲಿ ಸಹಿ ಹಾಕಿಸಿಕೊಂಡರು. ನೆಲ ಮಾರುವ ಅಧಿಕಾರ ಅವರಿಗೆ ಇರಲೇ ಇಲ್ಲ. ಖಾಲಿ ಮಾಡಲು ಎಂಟು ವರ್ಷ ಇದೆ ಅಂತ ಅವರಿಗೆ ಹೇಳಿದ್ದು, ಕಾಗದದಲ್ಲಿ ಇದ್ದದ್ದು ಎಂಟು ತಿಂಗಳು. ಆಮೇಲೆ ಅಯೋವಾ, ಮಿನ್ನೆಸೋಟ, ದಕ್ಷಿಣ ಡಕೋಟಾ, ನೆಬ್ರಾಸ್ಕಾ. ಒಂದು ಗುಂಪು ನೆಬ್ರಾಸ್ಕಾದಲ್ಲೇ ಉಳಿಯಿತು, ಅವರು ಈಗಲೂ ವಿನ್ನೆಬಾಗೊ ಹೆಸರಿನಲ್ಲಿದ್ದಾರೆ. ಉಳಿದವರು ನಡೆದು ವಾಪಸ್ ಬಂದರು. ಸೈನಿಕರು ಮತ್ತೆ ಹಿಡಿದು ಒಯ್ದರು. ಮತ್ತೆ ಬಂದರು. 1874ರವರೆಗೂ ಇದೇ ನಡೆಯಿತು.

"ಬರುವಾಗ ಏನು ಹೊತ್ತು ತಂದರು?" ಅಂತ ಕೇಳಿದೆ. ಸೂಜಿ ಡಬ್ಬಿ ಅನ್ನುತ್ತಾರೆ ಅಂತ ಕಾದಿದ್ದೆ, ನಿಜ ಹೇಳುತ್ತೇನೆ.

"ಮಕ್ಕಳನ್ನು" ಅಂದರು ಗಾಗಾ. ನನ್ನ ಮಗ್ಗದ ಕಡೆ ನೋಡಿ, "ಮೂರನೇ ಸಾಲು ಬಿಚ್ಚು" ಅಂದರು.

ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು, ಒಬ್ಬ ಹುಡುಗನೂ ಬಂದ. ವಾರಕ್ಕೊಮ್ಮೆ ಇಲ್ಲಿ ಸೇರಿ ಹೊಲಿಯುತ್ತಾರಂತೆ. ಪಾಠ ಅಂತ ಯಾರೂ ಮಾಡುವುದಿಲ್ಲ. ಒಬ್ಬರ ಕೈ ನೋಡಿ ಇನ್ನೊಬ್ಬರು. ಹುಡುಗ ತನ್ನ ತಂಗಿಗೆ ಮೊಕಾಸಿನ್ ಮಾಡುತ್ತಿದ್ದ, ಅವಳ ಪಾದದ ಅಳತೆ ರಟ್ಟಿನ ಮೇಲೆ ಗೆರೆ ಎಳೆದು ತಂದಿದ್ದ. ಗಾಗಾ ಅವನಿಗೂ "ಯಾರಿಗೆ?" ಅಂತಲೇ ಕೇಳಿದ್ದರಂತೆ, ಮೊದಲ ದಿನ. ಉತ್ತರ ಇಲ್ಲದೆ ಬಂದವನನ್ನು ವಾಪಸ್ ಕಳಿಸಿದ್ದರಂತೆ. ಮುಂದಿನ ವಾರ ಈ ರಟ್ಟು ಹಿಡಿದುಕೊಂಡು ಬಂದ.

ಸೋಮವಾರ, ವಾಪಸ್

ಹನ್ನೊಂದಕ್ಕೆ ಹೊರಟೆವು. ಬಿಸಿಲು. ದಾರಿಯ ಪಕ್ಕದಲ್ಲಿ ಕ್ರ್ಯಾನ್‌ಬೆರಿ ಗದ್ದೆಗಳು, ಮೇ ತಿಂಗಳಲ್ಲಿ ಕೆಂಪಿನ ಸುಳಿವೂ ಇಲ್ಲ, ಬರೀ ಕಂದು. ಗಾಗಾ ಹುಡುಗಿಯಾಗಿದ್ದಾಗ ಮನೆಮಂದಿಯೆಲ್ಲಾ ಇವುಗಳಲ್ಲಿ ಕೂಲಿ ಮಾಡಿದ್ದಾರೆ.

ಬೀಳ್ಕೊಡುವಾಗ ಸೇಫ್ಟಿ ಪಿನ್ನು ವಾಪಸ್ ಕೊಟ್ಟರು, ಮರೆತಿರಲಿಲ್ಲ. ನನ್ನ ಪಟ್ಟಿಯನ್ನು ಮಗ್ಗದ ಸಮೇತ ಕಾರಿನಲ್ಲಿ ಇಡಿಸಿದರು. "ಮಗ್ಗ ಮುಂದಿನ ತಿಂಗಳು ಮೊಮ್ಮಗಳ ಕೈಲಿ ಕಳಿಸು. ಪಟ್ಟಿ ಯಾರಿಗೆ?"

ಈ ಸಲ ಉತ್ತರ ಇತ್ತು. ಹುಬ್ಬಳ್ಳಿಯ ನಮ್ಮ ಚಿಕ್ಕಮ್ಮನಿಗೆ, ಎಂಬತ್ತೆರಡು ವರ್ಷ, ಈಗಲೂ ಬಾಗಿಲಿಗೆ ಮಣಿ ತೋರಣ ಅವರೇ ಪೋಣಿಸುತ್ತಾರೆ ಅಂದೆ.

"ಹಾಗಾದರೆ ಹಿಂದುಗಡೆ ನೋಡ್ತಾಳೆ" ಅಂದರು ಗಾಗಾ.

ಟೋಮಾ ದಾಟುವಾಗ ಮಗಳು ಕಾಫಿ ಬೇಕಾ ಅಂದಳು. ಬೇಡ ಅಂದೆ. ಮಗ್ಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿ ಎಣಿಸಿದೆ. ಏಳನೇ ಸಾಲಿನಲ್ಲಿ ಒಂದು ಜಾಸ್ತಿ. ಕಾರು ಅಲುಗುತ್ತಿತ್ತು, ಆದರೂ ಸೂಜಿ ತೆಗೆದು ಬಿಚ್ಚಲು ಶುರು ಮಾಡಿದೆ.